ಪರವಾನೆ ಮತ್ತು ಪ್ರಯಾಣಿಕ: ಹಂಚಿಕೆಯ ಸವಾರಿಯ ಮೇಲೆ ನಗರಾಡಳಿತದ ನಿಬಂಧನೆಗಳು, 1914–1956

2017ರ ಆರಂಭದಲ್ಲಿ ಕರ್ನಾಟಕದ ಸಾರಿಗೆ ಇಲಾಖೆಯು, ಬೆಂಗಳೂರಿನಲ್ಲಿ ಊಬರ್ ಮತ್ತು ಓಲಾ ಸಂಸ್ಥೆಗಳು ನಡೆಸುತ್ತಿದ್ದ ಹಂಚಿಕೆಯ ಸವಾರಿಯನ್ನು ನಿಲ್ಲಿಸಬೇಕೆಂದು ಸೂಚಿಸಿತು. ಒಂದೇ ದಿಕ್ಕಿಗೆ ಹೋಗುವ ಅಪರಿಚಿತರನ್ನು ಒಂದೇ ಕಾರಿನಲ್ಲಿ ಕೂರಿಸಿ, ಬಾಡಿಗೆಯನ್ನು ಅವರೊಳಗೆ ಹಂಚುವ ಏರ್ಪಾಡು ಅದು. ಇಲಾಖೆಯ ಆಕ್ಷೇಪಣೆಗೆ 1988ರ ಮೋಟಾರು ವಾಹನಗಳ ಅಧಿನಿಯಮದಲ್ಲಿ ಆಧಾರವಿತ್ತು. ಆ ಅಧಿನಿಯಮದ ದೃಷ್ಟಿಯಲ್ಲಿ ಟ್ಯಾಕ್ಸಿಯು ಒಪ್ಪಂದದ ವಾಹನ. ಒಪ್ಪಂದಕ್ಕೆ ಸೇರದವರನ್ನು ದಾರಿಯಲ್ಲಿ ಹತ್ತಿಸುವುದೂ ಇಳಿಸುವುದೂ ಅದಕ್ಕೆ ಸಲ್ಲದು. ತಲೆಗಿಷ್ಟೆಂದು ದರ ಪಡೆದು ಹತ್ತಿಸುತ್ತ ಇಳಿಸುತ್ತ ಸಾಗುವುದು ಬಸ್ಸಿನಂಥ ಮಜಲು ವಾಹನದ ಹಕ್ಕು. ಇದಕ್ಕೆ ಹಿಂದಿನ ವರ್ಷ, ಅಂದರೆ 2016ರ ಮೇ 7ರಂದು, ಅಮೆರಿಕದ ಟೆಕ್ಸಸ್ ಸಂಸ್ಥಾನದ ಆಸ್ಟಿನ್ ನಗರದಲ್ಲಿ ಇಂಥದೇ ಇನ್ನೊಂದು ವಿವಾದ ಮತಪೆಟ್ಟಿಗೆಯವರೆಗೆ ಹೋಗಿತ್ತು. ಚಾಲಕರ ಬೆರಳಚ್ಚನ್ನು ಪರೀಕ್ಷಿಸಬೇಕೆಂಬ ನಗರಸಭೆಯ ನಿಬಂಧನೆಯನ್ನು ಸಡಿಲಿಸಲು ಮತದಾರರು ಒಪ್ಪಲಿಲ್ಲ. ಎರಡೇ ದಿನಗಳಲ್ಲಿ ಊಬರ್ ಮತ್ತು ಲಿಫ್ಟ್ ಸಂಸ್ಥೆಗಳು ಆ ಊರಿನ ವ್ಯವಹಾರವನ್ನು ಮುಚ್ಚಿದವು. 2017ರಲ್ಲಿ ಸಂಸ್ಥಾನದ ಶಾಸನವೊಂದು ನಗರದ ನಿಬಂಧನೆಯನ್ನು ತಳ್ಳಿಹಾಕಿದ ಮೇಲೆ ಹಿಂದಿರುಗಿದವು.

ಈ ಎರಡು ಪ್ರಸಂಗಗಳಲ್ಲೂ ಎರಡೂ ಪಕ್ಷದವರು ಪ್ರಯಾಣಿಕನ ಹೆಸರಿನಲ್ಲಿಯೇ ಮಾತನಾಡಿದರು. ಅಧಿಕಾರಿಗಳು ಆತನ ಸುರಕ್ಷತೆಯನ್ನು ಮುಂದಿಟ್ಟರು. ಸಂಸ್ಥೆಗಳು ಆತನ ಅನುಕೂಲವನ್ನು. ಇದೆಲ್ಲವೂ ಕೈಫೋನಿನ ಯುಗದ ಹೊಸ ಸಮಸ್ಯೆಯೆಂದು ಭಾವಿಸುವವರು ಅನೇಕರಿದ್ದಾರೆ. ವಸ್ತುತಃ ಈ ವಿವಾದಕ್ಕೆ ನೂರು ವರ್ಷಗಳು ಮೀರಿದ ಚರಿತ್ರೆಯಿದೆ. ಅದರಲ್ಲಿ ಎರಡು ಘಟ್ಟಗಳನ್ನು ಮಾತ್ರ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ. ಮೊದಲನೆಯದು 1914ರಿಂದ ಅಮೆರಿಕದ ನಗರಗಳಲ್ಲಿ ಹಬ್ಬಿದ ಜಿಟ್ನಿ ಕಾರುಗಳ ಪ್ರಕರಣ. ಎರಡನೆಯದು 1955–56ರಲ್ಲಿ ಅಲಬಾಮ ಸಂಸ್ಥಾನದ ಮಾಂಟ್ಗೊಮರಿಯಲ್ಲಿ ನಡೆದ ಬಸ್ ಬಹಿಷ್ಕಾರದ ಕಾರುಕೂಟ. ಎರಡನೆಯದನ್ನು ಸಾಮಾನ್ಯವಾಗಿ ಜನಾಂಗ ಸಮಾನತೆಯ ಹೋರಾಟದ ಅಧ್ಯಾಯವೆಂದೇ ನಮ್ಮ ತರಗತಿಗಳಲ್ಲಿ ಬೋಧಿಸುತ್ತೇವೆ, ಅದು ಸರಿಯೇ. ಆದರೆ ಅದನ್ನು ಸಾರಿಗೆಯ ಚರಿತ್ರೆಯೆಂದು ಓದಿದಾಗ ಕಾಣುವ ಸಂಗತಿಗಳು ಬೇರೆ.

1914ರ ಬೇಸಿಗೆಯಲ್ಲಿ ಅಮೆರಿಕದಲ್ಲಿ ವ್ಯಾಪಾರ ಕುಗ್ಗಿ ಅನೇಕರು ಕೆಲಸ ಕಳೆದುಕೊಂಡಿದ್ದರು. ಫೋರ್ಡ್ ಸಂಸ್ಥೆಯ ಮಾಡೆಲ್ ಟಿ ಕಾರು ಮಧ್ಯಮ ವರ್ಗದವರ ಕೈಗೂ ಎಟುಕುವಂತಾಗಿತ್ತು. ಜುಲೈ 1ರಂದು ಲಾಸ್ ಏಂಜಲೀಸಿನಲ್ಲಿ ಕಾರಿನ ಮಾಲಿಕನೊಬ್ಬನು ಟ್ರಾಮ್ ಬಂಡಿಗಾಗಿ ಕಾದು ನಿಂತಿದ್ದವನೊಬ್ಬನನ್ನು ಐದು ಸೆಂಟಿಗೆ ಕರೆದೊಯ್ದನೆಂದೂ ಅಲ್ಲಿಂದ ಈ ಪದ್ಧತಿ ಮೊದಲಾಯಿತೆಂದೂ ಪ್ರತೀತಿಯಿದೆ. ಐದು ಸೆಂಟಿನ ನಾಣ್ಯಕ್ಕೆ ಆಡುಮಾತಿನಲ್ಲಿ ಜಿಟ್ನಿ ಎಂಬ ಹೆಸರಿತ್ತು. ಬಾಡಿಗೆಯ ಹೆಸರೇ ಬಂಡಿಗೂ ನಿಂತಿತು. ಟ್ರಾಮಿನ ದರವೂ ಐದು ಸೆಂಟೇ. ಆದ್ದರಿಂದ ಪ್ರಯಾಣಿಕನಿಗೆ ಹಣದ ಉಳಿತಾಯವೇನೂ ಆಗಲಿಲ್ಲ. ಅವನು ಗಳಿಸಿದ್ದು ಕಾಲವನ್ನು, ಕೂರಲು ಜಾಗವನ್ನು, ಕೆಲವೊಮ್ಮೆ ಮನೆಯ ಮೂಲೆಯವರೆಗೆ ಇಳಿಸಿಕೊಡುವ ದಾಕ್ಷಿಣ್ಯವನ್ನು. ಜಿಟ್ನಿ ನಡೆಸಿದವರೆಲ್ಲರೂ ವೃತ್ತಿಯ ಚಾಲಕರಲ್ಲ. ತಮ್ಮ ಕೆಲಸಕ್ಕೆ ಹೋಗುವಾಗಲೂ ಬರುವಾಗಲೂ ಅದೇ ದಾರಿಯ ನಾಲ್ವರನ್ನು ಹತ್ತಿಸಿಕೊಂಡು ಪೆಟ್ರೋಲಿನ ಖರ್ಚು ಹುಟ್ಟಿಸಿಕೊಳ್ಳುತ್ತಿದ್ದವರು ಅವರಲ್ಲಿ ಬಹಳ ಮಂದಿ. ನಮ್ಮ ಕಡೆ ಸೀಟಿನ ಲೆಕ್ಕದಲ್ಲಿ ಓಡುವ ಟೆಂಪೊ, ಆಟೊಗಳನ್ನು ಕಂಡವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1915ರ ಮಧ್ಯಭಾಗದ ಹೊತ್ತಿಗೆ ದೇಶದಲ್ಲಿ ಸುಮಾರು 62,000 ಜಿಟ್ನಿಗಳು ಓಡುತ್ತಿದ್ದುವೆಂದು ಅಂದಾಜು.

ಟ್ರಾಮ್ ಕಂಪನಿಗಳ ಸಂಕಟವನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಅವು ನಗರಗಳಿಂದ ಸನ್ನದು ಪಡೆದು ನಡೆಯುತ್ತಿದ್ದವು. ಸನ್ನದಿನ ಷರತ್ತಿನಂತೆ ದರವನ್ನು ಐದು ಸೆಂಟಿನಿಂದ ಏರಿಸುವಂತಿರಲಿಲ್ಲ. ಹಳಿಗಳ ನಡುವಣ ರಸ್ತೆಯನ್ನು ತಾವೇ ದುರಸ್ತಿಯಲ್ಲಿಡಬೇಕು. ನಗರಕ್ಕೆ ತೆರಿಗೆಯನ್ನೂ ಸಲ್ಲಿಸಬೇಕು. ಹತ್ತಿರದ ಸವಾರಿಯ ಲಾಭದಿಂದ ದೂರದ ಬಡಾವಣೆಯ ನಷ್ಟವನ್ನು ತುಂಬಿಕೊಳ್ಳುವುದು ಅವುಗಳ ಲೆಕ್ಕಾಚಾರ. ಜಿಟ್ನಿಯವರು ಈ ಹತ್ತಿರದ ಸವಾರಿಯನ್ನೇ ಕಿತ್ತುಕೊಂಡರು. ದೂರದವರ ಗೊಡವೆ ಅವರಿಗಿರಲಿಲ್ಲ. ಅಪಘಾತಗಳೂ ಕಡಿಮೆಯಿರಲಿಲ್ಲ. ಕಾರಿನ ಪಕ್ಕದ ಮೆಟ್ಟಿಲ ಮೇಲೂ ಜನರನ್ನು ನಿಲ್ಲಿಸಿಕೊಂಡು, ಮುಂದಿನ ಗಿರಾಕಿಗಾಗಿ ಒಬ್ಬರನ್ನೊಬ್ಬರು ಹಿಂದೆ ಹಾಕುತ್ತ ಓಡುತ್ತಿದ್ದರು. ಪೆಟ್ಟುಬಿದ್ದವನು ಪರಿಹಾರ ಕೇಳಹೋದರೆ ಚಾಲಕನ ಬಳಿ ಆ ಹಳೆಯ ಕಾರಿನ ಹೊರತು ಬೇರೆ ಆಸ್ತಿಯಿರುತ್ತಿರಲಿಲ್ಲ.

ಆದ್ದರಿಂದ ನಿಬಂಧನೆ ಬೇಕಿತ್ತೇ ಎಂಬುದು ಪ್ರಶ್ನೆಯಲ್ಲ, ಎಂಥ ನಿಬಂಧನೆ ಬಂದಿತು ಎಂಬುದು ಪ್ರಶ್ನೆ. 1915ರಲ್ಲಿಯೇ ನೂರಕ್ಕೂ ಹೆಚ್ಚು ನಗರಗಳು ಕಟ್ಟಳೆಗಳನ್ನು ಹೊರಡಿಸಿದವು. ಇವುಗಳಲ್ಲಿ ಪ್ರಮುಖವಾದುದು ಜಾಮೀನು ಪತ್ರ: ಅಪಘಾತದ ಪರಿಹಾರಕ್ಕೆಂದು ಪ್ರತಿಯೊಬ್ಬ ಚಾಲಕನೂ ಸಾವಿರಾರು ಡಾಲರುಗಳ, ಕೆಲವೆಡೆ ಹತ್ತು ಸಾವಿರ ಡಾಲರುಗಳ, ಜಾಮೀನನ್ನು ಒದಗಿಸಬೇಕು. ಇದರ ತತ್ತ್ವವನ್ನು ಯಾರೂ ದೂಷಿಸಲಾರರು. ಆದರೆ ಇದರ ಬೆನ್ನಿಗೇ ಬೇರೆ ಷರತ್ತುಗಳು ಬಂದವು. ದಿನಕ್ಕೆ ಇಂತಿಷ್ಟು ಗಂಟೆಗಳ ಕಾಲ ತಪ್ಪದೆ ಓಡಿಸಬೇಕು. ಗೊತ್ತುಪಡಿಸಿದ ಮಾರ್ಗವನ್ನು ಬಿಡಕೂಡದು. ಟ್ರಾಮ್ ಓಡುವ ಬೀದಿಗೆ ಬರಕೂಡದು. ಗಂಟೆಗಳ ಷರತ್ತಿನಿಂದ ಯಾರ ಸುರಕ್ಷತೆ ಹೆಚ್ಚಿತು? ಯಾರದೂ ಇಲ್ಲ. ಅದರಿಂದ ಆದ ಪರಿಣಾಮ ಒಂದೇ: ಕಛೇರಿಗೆ ಹೋಗುವ ದಾರಿಯಲ್ಲಿ ನಾಲ್ವರನ್ನು ಹತ್ತಿಸಿಕೊಳ್ಳುತ್ತಿದ್ದವನು ಈ ವ್ಯವಹಾರದಿಂದ ಹೊರಬಿದ್ದನು. ಹಂಚಿಕೆಯ ಸವಾರಿಯೆಂಬ ಹೆಸರಿಗೆ ನಿಜವಾಗಿ ತಕ್ಕವನು ಅವನೊಬ್ಬನೇ ಎಂಬುದನ್ನು ಗಮನಿಸಬೇಕು. 1918ರ ಅಕ್ಟೋಬರಿನಲ್ಲಿ ಎಣಿಸಿದಾಗ ಉಳಿದಿದ್ದ ಜಿಟ್ನಿಗಳು ಆರು ಸಾವಿರಕ್ಕೂ ಕಡಿಮೆ.

ಇದರಲ್ಲಿ ಪ್ರಯಾಣಿಕರ ಪಾತ್ರವೇ ಇರಲಿಲ್ಲವೆನ್ನುವಂತಿಲ್ಲ. ಲಾಸ್ ಏಂಜಲೀಸಿನಲ್ಲಿ ಪೇಟೆಯ ನಡುಭಾಗದಿಂದ ಜಿಟ್ನಿಯನ್ನು ಹೊರಗಿಡುವ ಕಟ್ಟಳೆಗೆ 1917ರಲ್ಲಿ ಮತದಾರರೇ ಒಪ್ಪಿಗೆಯಿತ್ತರು. ಆದರೆ ಮತದಾರನೂ ಪ್ರಯಾಣಿಕನೂ ಒಬ್ಬನೇ ಅಲ್ಲ. ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ 1915ರಲ್ಲಿ ತೊಡಗಿದ ಜಿಟ್ನಿಗಳು ಇಂದಿಗೂ ಓಡುತ್ತಿರುವುದನ್ನು ನೋಡಿದರೆ, ಈ ಪದ್ಧತಿಯು ತನ್ನ ದೋಷಗಳಿಂದಲೇ ಅಳಿಯಿತೆಂಬ ವಾದವನ್ನು ಪೂರ್ತಿಯಾಗಿ ಒಪ್ಪುವುದು ಕಷ್ಟ.

ಜಿಟ್ನಿಗಳು ಅಳಿದರೂ ಆ ಕಾಲದಲ್ಲಿ ರೂಪುಗೊಂಡ ಕಾನೂನಿನ ತತ್ತ್ವವೊಂದು ಉಳಿಯಿತು. ಬಾಡಿಗೆ ವಾಹನಗಳ ಜಾಮೀನು ಪತ್ರವನ್ನು ಕುರಿತು ನ್ಯೂಯಾರ್ಕಿನಿಂದ ಬಂದ ಮೊಕದ್ದಮೆಯೊಂದರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1924ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಸಾರ್ವಜನಿಕ ಬೀದಿಯನ್ನು ಸ್ವಂತ ಲಾಭದ ವ್ಯಾಪಾರಕ್ಕೆ ಬಳಸುವುದು ಸಹಜವಾದ ಹಕ್ಕಲ್ಲ. ಅದು ವಿಶೇಷ ಬಳಕೆ. ಸರ್ಕಾರವು ಅದಕ್ಕೆ ಷರತ್ತು ಹಾಕಬಹುದು, ಬೇಡವೆಂದರೆ ನಿಷೇಧಿಸಲೂಬಹುದು. ಬೀದಿಯಲ್ಲಿ ಜನರನ್ನು ಕೂರಿಸಿಕೊಂಡು ಹೋಗಲು ಪರವಾನೆ ಬೇಕು, ಪರವಾನೆ ಕೊಡುವುದು ಬಿಡುವುದು ನಗರಾಡಳಿತದ ಇಚ್ಛೆ ಎಂಬ ಮಾತು ದೇಶದಾದ್ಯಂತ ರೂಢವಾಯಿತು. ಈ ಇಚ್ಛೆಯು ಪ್ರಯಾಣಿಕರನ್ನೇ ಎದುರಾಳಿಗಳೆಂದು ಬಗೆಯುವ ಆಡಳಿತದ ಕೈಯಲ್ಲಿದ್ದರೆ ಏನಾಗಬಹುದು? ಅದಕ್ಕೆ ಮಾಂಟ್ಗೊಮರಿಯನ್ನು ನೋಡಬೇಕು.

1955ರಲ್ಲಿ ಮಾಂಟ್ಗೊಮರಿಯ ಬಸ್ಸುಗಳನ್ನು ನಡೆಸುತ್ತಿದ್ದುದು ಮಾಂಟ್ಗೊಮರಿ ಸಿಟಿ ಲೈನ್ಸ್ ಎಂಬ ಕಂಪನಿ. ನಗರದ ಸನ್ನದು ಅದೊಂದಕ್ಕೇ ಇತ್ತು. ಅದರ ವರಮಾನದಲ್ಲಿ ನೂರಕ್ಕೆ ಎರಡು ಪಾಲು ನಗರಕ್ಕೆ ಸಲ್ಲುತ್ತಿತ್ತು. ಪ್ರಯಾಣಿಕರಲ್ಲಿ ಬಹುಪಾಲಿನವರು ಕಪ್ಪು ಜನಾಂಗದವರು, ಅವರಲ್ಲೂ ಬಿಳಿಯರ ಮನೆಗಳಲ್ಲಿ ಅಡುಗೆ, ಬಟ್ಟೆ, ಮಕ್ಕಳ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸರು. ಬಸ್ಸಿನ ಮುಂದಿನ ಹತ್ತು ಆಸನಗಳು ಬಿಳಿಯರಿಗೆ ಮೀಸಲು. ಅವು ಬರಿದಾಗಿದ್ದರೂ ಇವರು ನಿಂತೇ ಹೋಗಬೇಕು. ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಅವರ ಬಂಧನವಾಯಿತು; 5ರ ಸೋಮವಾರ ಬಹಿಷ್ಕಾರ ಮೊದಲಾಯಿತು. ಈ ಕಥೆಯು ಸುಪರಿಚಿತವಾದುದರಿಂದ ಇಲ್ಲಿ ವಿಸ್ತರಿಸುವುದಿಲ್ಲ. ಬಸ್ಸು ಬಿಟ್ಟ ಸಾವಿರಾರು ಜನ ಮಾರನೆಯ ದಿನ ಕೆಲಸಕ್ಕೆ ಹೋದದ್ದು ಹೇಗೆ? ನಮ್ಮ ವಿಷಯಕ್ಕೆ ಮುಖ್ಯವಾದುದು ಇದು.

ಮೊದಲ ದಿನಗಳಲ್ಲಿ ನೆರವಾದದ್ದು ಟ್ಯಾಕ್ಸಿ. ಕಪ್ಪು ಜನಾಂಗದವರ ಒಡೆತನದ ಹದಿನೆಂಟು ಟ್ಯಾಕ್ಸಿ ಕಂಪನಿಗಳು, ಸುಮಾರು 210 ಕಾರುಗಳು, ಬಸ್ಸಿನ ದರವಾದ ಹತ್ತು ಸೆಂಟಿಗೇ ತಲೆಗೊಬ್ಬರಂತೆ ಜನರನ್ನು ಸಾಗಿಸಿದವು. ಡಿಸೆಂಬರ್ 8ರಂದು ನಗರದ ಆಯುಕ್ತರೊಡನೆ ಮಾತುಕತೆಗೆ ಕುಳಿತಾಗ ಪೊಲೀಸ್ ಆಯುಕ್ತ ಕ್ಲೈಡ್ ಸೆಲ್ಲರ್ಸ್, ಟ್ಯಾಕ್ಸಿಗೆ ಕನಿಷ್ಠ ದರವನ್ನು ನಿಗದಿಮಾಡುವ ಕಟ್ಟಳೆಯೊಂದಿದೆಯೆಂದು ಮಾತಿನ ನಡುವೆ ಸೂಚಿಸಿದನು. ಆ ದರ 45 ಸೆಂಟು. ಟ್ಯಾಕ್ಸಿ ಹಿಡಿಯುವ ಗಿರಾಕಿಯ ಹಿತಕ್ಕಾಗಿ ಗರಿಷ್ಠ ದರವನ್ನು ಗೊತ್ತುಮಾಡುವುದು ನಮಗೆ ತಿಳಿದ ಪದ್ಧತಿ. ಕನಿಷ್ಠ ದರವು ಗಿರಾಕಿಗಾಗಿ ಹುಟ್ಟಿದ್ದಲ್ಲ. ಮನೆಗೆಲಸದ ಹೆಂಗಸಿಗೆ ಹೋಗಿಬರಲು ದಿನಕ್ಕೆ 90 ಸೆಂಟು ಎಂದರೆ ದಿನಗೂಲಿಯ ದೊಡ್ಡ ಪಾಲು ದಾರಿಯಲ್ಲೇ ಕರಗಿದಂತೆ. ಅದುವರೆಗೆ ಕಾಗದದಲ್ಲಿ ಮಲಗಿದ್ದ ನಿಯಮವೊಂದನ್ನು ಎಬ್ಬಿಸಿದ ಮಾತ್ರಕ್ಕೆ ಟ್ಯಾಕ್ಸಿಯ ದಾರಿ ಮುಚ್ಚಿತು.

ಬಹಿಷ್ಕಾರದ ಸಂಘಕ್ಕೆ ಅಧ್ಯಕ್ಷರಾಗಿ ಆಯ್ಕೆಯಾಗಿದ್ದ ಮಾರ್ಟಿನ್ ಲೂಥರ್ ಕಿಂಗ್ ಅವರಿಗೆ ಆಗ ಇಪ್ಪತ್ತಾರು ವರ್ಷ. ಲೂಯಿಸಿಯಾನದ ಬ್ಯಾಟನ್ ರೂಜ್ ನಗರದಲ್ಲಿ 1953ರ ಜೂನ್ ತಿಂಗಳಲ್ಲಿ ಇಂಥದೇ ಬಹಿಷ್ಕಾರ ನಡೆಸಿದ್ದ ಪಾದ್ರಿ ಟಿ. ಜೆ. ಜೆಮಿಸನ್ ಅವರನ್ನು ಕಿಂಗ್ ದೂರವಾಣಿಯಲ್ಲಿ ವಿಚಾರಿಸಿದರು. ಅಲ್ಲಿಂದ ದೊರೆತ ಸಲಹೆ ಕಾರುಕೂಟ. ಸ್ವಂತ ಕಾರುಳ್ಳವರು ಬಾಡಿಗೆ ಪಡೆಯದೆ ಜನರನ್ನು ಸಾಗಿಸಬೇಕು. ಪೆಟ್ರೋಲಿಗೆ ಬೇಕಾದ ಹಣ ಚರ್ಚಿನ ಸಭೆಗಳಲ್ಲಿ ವಂತಿಗೆಯಾಗಿ ಕೂಡಬೇಕು. ಕಾರಿನೊಳಗೆ ಹಣ ಕೈಬದಲಾಗದಿದ್ದರೆ ಅದು ಬಾಡಿಗೆ ವಾಹನವಾಗದು, ಬಾಡಿಗೆ ವಾಹನವಲ್ಲದಿದ್ದರೆ ಪರವಾನೆ ಬೇಕಿಲ್ಲ ಎಂಬುದು ಇದರ ಒಳತರ್ಕ. ಕಾಲಕ್ರಮದಲ್ಲಿ ಸುಮಾರು ಮುನ್ನೂರು ಕಾರುಗಳು ಒದಗಿದವು. ಊರಿನ ಮೂಲೆ ಮೂಲೆಯನ್ನೂ ಬಲ್ಲ ಇಬ್ಬರು ಅಂಚೆ ನೌಕರರ ನೆರವಿನಿಂದ ಮಾರ್ಗಗಳ ನಕ್ಷೆ ಸಿದ್ಧವಾಯಿತು. ಡಿಸೆಂಬರ್ 13ರ ವೇಳೆಗೆ ಜನರನ್ನು ಬೆಳಗ್ಗೆ ಕಳುಹಿಸಲು 48 ಠಾವುಗಳೂ, ಸಂಜೆ ಮರಳಿ ಕರೆತರಲು 42 ಠಾವುಗಳೂ ಏರ್ಪಟ್ಟವು. ಸಾರಿಗೆ ಸಮಿತಿಯನ್ನು ಮೊದಲು ರೂಫಸ್ ಲೂಯಿಸ್ ಅವರೂ ತರುವಾಯ ಬಿ. ಜೆ. ಸಿಮ್ಸ್ ಅವರೂ ನಡೆಸಿದರು. ಸಿಮ್ಸ್ ಅಲಬಾಮ ಸ್ಟೇಟ್ ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರು. ಕಾಲೇಜಿನ ವೇಳಾಪಟ್ಟಿಯನ್ನು ಸರಿದೂಗಿಸುವುದೇ ನಮ್ಮಲ್ಲಿ ಹಲವರಿಗೆ ಸಾಕುಸಾಕಾಗುತ್ತದೆ. ಆ ಅಧ್ಯಾಪಕರು ಸಹಸ್ರಾರು ಜನರ ದಿನನಿತ್ಯದ ಸವಾರಿಯನ್ನು ಸರಿದೂಗಿಸಿದರು!

ಈ ಏರ್ಪಾಡಿನ ಫಲವನ್ನು ಪ್ರಯಾಣಿಕರ ಕಡೆಯಿಂದ ಅಳೆಯಬೇಕಾದರೆ ಅದಿಲ್ಲದಿದ್ದಾಗಿನ ಸ್ಥಿತಿಯನ್ನು ನೆನೆಯಬೇಕು. ಕೆಲವರು ದಿನಕ್ಕೆ ಹನ್ನೆರಡು ಮೈಲಿಗಳವರೆಗೆ ನಡೆದರೆಂದು ಕಿಂಗ್ 1958ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಕಾರುಕೂಟ ಬಂದ ಮೇಲೂ ಹಲವರು ನಡೆಯುವುದನ್ನೇ ಆರಿಸಿಕೊಂಡರು. ಅದು ಅವರ ಪ್ರತಿಭಟನೆಯ ರೀತಿ. ಆದರೆ ವಯಸ್ಸಾದವರಿಗೂ ದೂರದ ಬಡಾವಣೆಯ ಕೆಲಸದವರಿಗೂ ಆಯ್ಕೆಯೆಂಬುದು ಹುಟ್ಟಿದ್ದು ಕಾರಿನಿಂದಲೇ. ಇನ್ನೊಂದು ಅನಿರೀಕ್ಷಿತ ಕಾರುಕೂಟವೂ ಆ ಊರಿನಲ್ಲಿ ಹುಟ್ಟಿತು. ಅನೇಕ ಬಿಳಿಯ ಗೃಹಿಣಿಯರು ತಮ್ಮ ಮನೆಗೆಲಸದವರನ್ನು ತಾವೇ ಕಾರಿನಲ್ಲಿ ಕರೆತಂದು ಬಿಟ್ಟುಬರುತ್ತಿದ್ದರು. ಹಾಗೆ ಮಾಡಬಾರದೆಂದು ಮೇಯರ್ ಡಬ್ಲ್ಯೂ. ಎ. ಗೇಲ್ ಬಹಿರಂಗವಾಗಿ ಕೇಳಿಕೊಂಡನು; ಆ ಮಾತಿಗೆ ಅಡುಗೆಮನೆಗಳಲ್ಲಿ ಬೆಲೆ ಸಿಕ್ಕಲಿಲ್ಲ.

1956ರ ಜನವರಿಯಿಂದ ನಗರವು ರಸ್ತೆಯ ನಿಯಮಗಳನ್ನೇ ಆಯುಧ ಮಾಡಿಕೊಂಡಿತು. ಕಾರುಕೂಟದ ಚಾಲಕರನ್ನು ಪೊಲೀಸರು ಹೆಜ್ಜೆಹೆಜ್ಜೆಗೂ ತಡೆದು ಪರವಾನೆ, ವಿಮೆ, ಕೆಲಸದ ಸ್ಥಳಗಳನ್ನು ವಿಚಾರಿಸತೊಡಗಿದರು. ಮಹಿಳಾ ಮಂಡಲಿಯ ಮುಖಂಡರಾಗಿದ್ದ ಪ್ರಾಧ್ಯಾಪಕಿ ಜೋ ಆನ್ ರಾಬಿನ್ಸನ್ ಅವರೊಬ್ಬರಿಗೇ ಹದಿನೇಳು ದಂಡದ ಚೀಟಿಗಳು ಬಂದವು. ಜನವರಿ 26ರಂದು ಕಿಂಗ್ ತಮ್ಮ ಕಾರಿಗೆ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟಾಗ, 25 ಮೈಲಿ ವೇಗದ ಬೀದಿಯಲ್ಲಿ 30 ಮೈಲಿ ಓಡಿಸಿದರೆಂದು ಅವರನ್ನು ಸೆರೆಮನೆಗೊಯ್ದರು. ನಾಲ್ಕು ದಿನಗಳ ಮೇಲೆ ಅವರ ಮನೆಯ ಮೇಲೆ ಬಾಂಬು ಬಿತ್ತು. ಠಾವುಗಳಲ್ಲಿ ಕಾರಿಗಾಗಿ ನಿಂತಿದ್ದವರಿಗೆ ದಾರಿಯಲ್ಲಿ ವಾಹನ ಕೇಳುವುದು ಅಪರಾಧವೆಂಬ ಬೆದರಿಕೆ ಬಂದಿತು. ಚಾಲಕನ ಮೇಲಿನ ನಿಬಂಧನೆ ಇಲ್ಲಿ ಕಾದು ನಿಂತವಳ ಮೇಲೂ ಬಿದ್ದುದನ್ನು ಕಾಣುತ್ತೇವೆ. ಹೀಗೆ ಹೆದರಿ ಕೆಲವು ಚಾಲಕರು ಹಿಂದೆ ಸರಿದರು. ಸಂಘವು ತಾನೇ ಸಾರಿಗೆಯನ್ನು ನಡೆಸಲು ಸನ್ನದು ಕೋರಿದಾಗ ನಗರವು ನಿರಾಕರಿಸಿತು. ಪರವಾನೆಯಿಲ್ಲವೆಂದು ಆಕ್ಷೇಪಿಸಿದವರೂ ಪರವಾನೆ ಕೊಡೆವೆಂದವರೂ ಒಬ್ಬರೇ.

ಖಾಸಗಿ ಕಾರುಗಳ ಬಳಲಿಕೆಯನ್ನು ಕಂಡು ಸಂಘದವರು ಸುಮಾರು ಹದಿನೈದು ಸ್ಟೇಷನ್ ವ್ಯಾಗನ್ ವಾಹನಗಳನ್ನು ಕೊಂಡರು. ಅವನ್ನು ಒಂದೊಂದು ಚರ್ಚಿನ ಹೆಸರಿನಲ್ಲಿ ನೋಂದಾಯಿಸಿ, ಪಕ್ಕದಲ್ಲಿ ಆ ಚರ್ಚಿನ ಹೆಸರನ್ನೇ ಬರೆಸಿದರು. ಜನ ಅವನ್ನು ಉರುಳುವ ಚರ್ಚುಗಳೆಂದು ಕರೆದರು. ತಿಂಗಳಿಗೆ ಸುಮಾರು 5,000 ಡಾಲರುಗಳ ಖರ್ಚು. ಹಣ ದೇಶದ ನಾನಾ ಕಡೆಗಳಿಂದ ಬಂದಿತು. ಊರೊಳಗೆ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯಾಕೆ ನೆರೆಹೊರೆಯ ಹೆಂಗಸರನ್ನು ಕೂಡಿಸಿಕೊಂಡು ತಿಂಡಿ ಊಟಗಳನ್ನು ಮಾರಿ, ಬಂದದ್ದನ್ನು ಸಭೆಯಲ್ಲಿ ತಂದೊಪ್ಪಿಸುತ್ತಿದ್ದಳು. ಕೊಟ್ಟವರ ಹೆಸರು ಹೊರಬಿದ್ದರೆ ಕೆಲಸ ಹೋಗಬಹುದಾದ್ದರಿಂದ ಆ ಗುಂಪಿಗೆ ಎಲ್ಲಿಂದಲೂ ಬಾರದವರ ಕೂಟವೆಂಬರ್ಥದ ಹೆಸರಿಟ್ಟಿದ್ದರು.

ಇನ್ನು ವಿಮೆಯ ಸಂಗತಿ. ಈ ಸಂಗತಿಯಲ್ಲೇ ಎರಡು ಘಟ್ಟಗಳ ಸಂಬಂಧವು ಸ್ಪಷ್ಟವಾಗುತ್ತದೆ. 1915ರಲ್ಲಿ ನಗರಗಳು ಜಿಟ್ನಿಯ ಮೇಲೆ ಹೊರಿಸಿದ ಮುಖ್ಯ ಆರೋಪ, ಪ್ರಯಾಣಿಕನಿಗೆ ಪೆಟ್ಟಾದರೆ ಪರಿಹಾರಕ್ಕೆ ಗತಿಯಿಲ್ಲ ಎಂಬುದು. ಮಾಂಟ್ಗೊಮರಿಯಲ್ಲಿ ಕಾರುಕೂಟದವರು ಯಾರೂ ಒತ್ತಾಯಿಸದೆಯೇ ವಿಮೆ ಮಾಡಿಸಿದ್ದರು. 1956ರಲ್ಲಿ ವಿಮಾ ಕಂಪನಿಗಳು ಅಪಾಯ ಹೆಚ್ಚೆಂಬ ಕಾರಣ ಹೇಳಿ ಒಂದಾದ ಮೇಲೊಂದು ಆ ವಿಮೆಯನ್ನು ರದ್ದುಮಾಡಿದವು. ವಾಹನಗಳು ನಿಂತೇಹೋಗುವ ಸ್ಥಿತಿ ಒದಗಿತು. ಕೊನೆಗೆ ಅಟ್ಲಾಂಟದ ವಿಮಾ ವ್ಯವಹಾರಸ್ಥ ಟಿ. ಎಂ. ಅಲೆಗ್ಸಾಂಡರ್ ಅವರ ಮೂಲಕ ಲಂಡನ್ನಿನ ಲಾಯ್ಡ್ಸ್ ಈ ಹೊಣೆಯನ್ನು ವಹಿಸಿಕೊಂಡಿತು. ಮನೆಗೆಲಸದ ಹೆಂಗಸೊಬ್ಬಳು ಮಾಂಟ್ಗೊಮರಿಯ ಒಂದು ಬೀದಿಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಸಾಗರದಾಚೆಯಿಂದ ರಕ್ಷಣೆ ಬರಬೇಕಾಯಿತು. ಆಕೆಯ ಸುರಕ್ಷತೆಯ ಚಿಂತೆ ನಿಜವಾಗಿ ಯಾರಿಗಿತ್ತು ಎಂಬುದನ್ನು ಈ ಒಂದು ಸಂಗತಿಯಿಂದ ಊಹಿಸಬಹುದು.

ಅಂತಿಮ ಪ್ರಹಾರ ಸನ್ನದಿನ ಹೆಸರಿನಲ್ಲೇ ಬಂದಿತು. ಬಸ್ಸಿನಲ್ಲಿ ಜನಾಂಗಗಳನ್ನು ಬೇರ್ಪಡಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಮೂವರು ನ್ಯಾಯಾಧೀಶರ ಫೆಡರಲ್ ಪೀಠವು ಜೂನ್ 5ರಂದು ಬಹುಮತದಿಂದ ತೀರ್ಪಿತ್ತಿತ್ತು. ನಗರವು ಮೇಲ್ಮನವಿ ಹೂಡಿತ್ತು. ಆ ಮನವಿ ಇನ್ನೂ ಇತ್ಯರ್ಥವಾಗದಿರುವಾಗ ನಗರವು ಸಂಸ್ಥಾನದ ನ್ಯಾಯಾಲಯದಲ್ಲಿ ಕಾರುಕೂಟದ ಮೇಲೆ ತಡೆಯಾಜ್ಞೆಯನ್ನು ಬೇಡಿತು. ಕಾರುಕೂಟವು ಸಾರ್ವಜನಿಕ ಉಪದ್ರವ. ಸನ್ನದಿಲ್ಲದೆ ನಡೆಯುವ ಖಾಸಗಿ ವ್ಯಾಪಾರ. ಬಸ್ಸಿನ ವರಮಾನ ಕುಸಿದುದರಿಂದ ನಗರಕ್ಕೆ 15,000 ಡಾಲರುಗಳ ನಷ್ಟ ಎಂಬುದು ವಾದದ ಸಾರ. ಜಿಟ್ನಿಯ ಮೇಲೆ ಟ್ರಾಮ್ ಕಂಪನಿಗಳು ಹೇಳಿದ್ದ ಮಾತುಗಳೇ ಇವು. ಅಂದು ಆ ಮಾತಿನಲ್ಲಿ ಅರ್ಧ ಸತ್ಯವಾದರೂ ಇತ್ತು: ಜಿಟ್ನಿಯು ಟ್ರಾಮಿನ ಪ್ರಯಾಣಿಕರನ್ನು ಸೆಳೆದದ್ದು ನಿಜ. ಇಲ್ಲಿ ಪ್ರಯಾಣಿಕರು ಬಸ್ಸನ್ನು ತಾವಾಗಿ ತ್ಯಜಿಸಿದ್ದರು. ಕಾರು ಅವರನ್ನು ಸೆಳೆಯಲಿಲ್ಲ, ಎತ್ತಿಕೊಂಡಿತು.

ನವೆಂಬರ್ 13ರಂದು ನ್ಯಾಯಾಧೀಶ ಯೂಜೀನ್ ಕಾರ್ಟರ್ ಅವರ ಮುಂದೆ ವಿಚಾರಣೆ ನಡೆಯಿತು. ಮಧ್ಯಾಹ್ನದ ಬಿಡುವಿನ ಹೊತ್ತಿಗೆ ಸುದ್ದಿಗಾರನೊಬ್ಬನು ಕಿಂಗ್ ಅವರ ಕೈಗೆ ಒಂದು ಚೀಟಿಯನ್ನಿತ್ತನು. ಸರ್ವೋಚ್ಚ ನ್ಯಾಯಾಲಯವು ಕೆಳಗಿನ ಪೀಠದ ತೀರ್ಪನ್ನು ಎತ್ತಿಹಿಡಿದಿದೆ ಎಂಬುದು ಅದರಲ್ಲಿದ್ದ ಸುದ್ದಿ. ಅದೇ ದಿನ ಕಾರ್ಟರ್ ಕಾರುಕೂಟದ ಮೇಲೆ ತಡೆಯಾಜ್ಞೆಯನ್ನೂ ಹೊರಡಿಸಿದರು. ಹೀಗೆ ಒಂದೇ ದಿನ ಪ್ರಯಾಣಿಕರು ಬಸ್ಸಿನ ಆಸನವನ್ನು ಗೆದ್ದರು, ಕಾರಿನ ಆಸನವನ್ನು ಕಳೆದುಕೊಂಡರು.

ಗೆದ್ದ ಆಸನದಲ್ಲಿ ಕೂಡಲೇ ಕೂರುವಂತಿರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ಆಜ್ಞೆಯ ಪ್ರತಿ ಮಾಂಟ್ಗೊಮರಿಗೆ ಅಧಿಕೃತವಾಗಿ ತಲಪುವವರೆಗೆ ಬಸ್ಸು ಹತ್ತಬಾರದೆಂದು ಸಂಘವು ನಿರ್ಣಯಿಸಿತು. ಕಾರುಕೂಟವಾದರೋ ನಿಂತಿತ್ತು. ನಡುವಣ ಐದು ವಾರಗಳಿಗೆಂದು ಪಾದ್ರಿ ಎಸ್. ಎಸ್. ಸೀ ಹೊಸ ಏರ್ಪಾಡೊಂದನ್ನು ರೂಪಿಸಿದರು. ಠಾವುಗಳಿಲ್ಲ, ಸಮಿತಿಯ ವಾಹನಗಳಿಲ್ಲ, ವೇಳಾಪಟ್ಟಿಯಿಲ್ಲ. ಒಂದೊಂದು ಬಡಾವಣೆಯಲ್ಲಿ, ಒಂದೊಂದು ಬೀದಿಯಲ್ಲಿ, ಕಾರುಳ್ಳವನು ತನ್ನ ನೆರೆಯವರನ್ನು ತಾನೇ ವಿಚಾರಿಸಿ ಕರೆದೊಯ್ಯಬೇಕು. ಯಾವ ತಡೆಯಾಜ್ಞೆಗೂ ಸಿಕ್ಕದ ಹಂಚಿಕೆ ಇದು. ಉಳಿದವರು ನಡೆದರು. ಉರುಳುವ ಚರ್ಚುಗಳು ನಿಂತಲ್ಲೇ ನಿಂತಿದ್ದವು. ಡಿಸೆಂಬರ್ 20ರಂದು ಆಜ್ಞೆಯ ಪ್ರತಿ ಬಂದಿತು. ಮರುದಿನ ಬೆಳಗ್ಗೆ ಜನ ಬಸ್ಸಿಗೆ ಮರಳಿದರು. ಬಹಿಷ್ಕಾರಕ್ಕೆ ಮೊದಲು ಹತ್ತು ಸೆಂಟಿದ್ದ ಬಸ್ಸಿನ ದರವನ್ನು ನಗರದ ಆಯುಕ್ತರು ಆ ವರ್ಷದ ಜನವರಿಯಲ್ಲೇ ಹದಿನೈದು ಸೆಂಟಿಗೆ ಏರಿಸಿದ್ದರು.